ಸನ್ನತಿಯ ಬೇರಿನಿಂದ ಬಂದ ತಳಿ

ಕೊರೊನಾ ಮುಗಿದ ಮರುವರ್ಷದ ಬೇಸಿಗೆ. ಸೇಡಂನ ಖಾಸಗಿ ಜೀವಾಣು ಗೊಬ್ಬರ ಘಟಕವೊಂದರಲ್ಲಿ ನಾನು ಗುಣಮಟ್ಟ ಪರೀಕ್ಷಕ. ನನ್ನ ಹೆಂಡತಿ ಸರೋಜಾ ಅಲ್ಲಿಯ ಸೂಕ್ಷ್ಮಜೀವಿ ತಜ್ಞೆ. ಆ ಮಧ್ಯಾಹ್ನ ಅವಳು ಎಂದಿನಂತೆ ಮೂಲ ತಳಿಯನ್ನು ಹೊಸ ಟ್ಯೂಬುಗಳಿಗೆ ದಾಟಿಸುತ್ತಿದ್ದಳು. ಸನ್ನತಿಯ ಶರಣಪ್ಪನವರ ಹೊಲದ ತೊಗರಿ ಬೇರುಗಂಟಿನಿಂದ ಅವಳೇ ಬೇರ್ಪಡಿಸಿದ ರೈಜೋಬಿಯಂ ಅದು. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ. ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನ ಪುಡಿಗೆ ಸೇರಿಸಿ ಮಾರುತ್ತಿದ್ದೆವು. ರೈತರು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತುತ್ತಿದ್ದರು. ಅವರ ಬಾಯಲ್ಲಿ ಅದು ‘ಅಕ್ಕೋರ ಪುಡಿ’.

ಹೊಸ ಮ್ಯಾನೇಜರು ಒಳಗೆ ಬಂದರು. ಸೂಕ್ಷ್ಮದರ್ಶಕಕ್ಕೆ ಎಂದೂ ಕಣ್ಣಿಟ್ಟವರಲ್ಲ. ‘ನ್ಯಾನೋ’ ಎಂಬ ಪದವನ್ನು ಮಾತ್ರ ಪ್ರಸಾದದಂತೆ ಹಂಚುತ್ತಿದ್ದರು. ಅದೇ ಪುಡಿಗೆ ನ್ಯಾನೋ ಜಿಂಕ್ ಆಕ್ಸೈಡ್, ಅಂದರೆ ಸತುವಿನ ಅತಿಸಣ್ಣ ಕಣಗಳ ಪುಡಿ, ಬೆರೆಸಬೇಕಂತೆ.

“ನಿಮ್ಮ ಹುಳಕ್ಕ ವಿಟಮಿನ್ ಕೊಟ್ಟಂಗ ಆಗ್ತದ್ರಿ ಮೇಡಂ.”

“ವಿಟಮಿನ್ ಡಬ್ಬಿಯೊಳಗ ಕೂಸಿನ್ನ ತುಂಬಿಡ್ತಾರೇನ್ರಿ? ಜಿಂಕ್ ಬ್ಯಾರೆ ಪಾಕೀಟಿನ್ಯಾಗ ಮಾರ್ರಿ,” ಎಂದಳು ಸರೋಜಾ, ತಲೆ ಎತ್ತದೆ.

ಮರುದಿನ ಬೆಳಿಗ್ಗೆ ಅವಳಿಗೆ ಎದೆನೋವು. ಕಲಬುರಗಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ಕರ್ಮ ಮುಗಿಸಿ ನಾನು ಕೆಲಸಕ್ಕೆ ಮರಳುವಷ್ಟರಲ್ಲಿ ಬೆರಕೆ ಪಾಕೀಟುಗಳು ಚಿತ್ತಾಪುರ, ಚಿಂಚೋಳಿಯ ಅಂಗಡಿ ಸೇರಿದ್ದವು. ಒಂದರ ಪುಡಿಯನ್ನು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಹಾಕಿ ನೋಡಿದೆ. ಬಿಳಿ ಅಂಟಿನಂಥ ಚುಕ್ಕೆಗಳು ಮೂಡಬೇಕಿತ್ತು, ಪ್ಲೇಟು ಖಾಲಿ. ಗಿಡಕ್ಕೆ ಸತು ಬೇಕು, ನಿಜ. ಆದರೆ ಅಷ್ಟು ಸಣ್ಣ ಕಣಗಳು ಬ್ಯಾಕ್ಟೀರಿಯಾದ ಪೊರೆಗೆ ಅಂಟಿ ಅದನ್ನು ಕೆಡಿಸುತ್ತವೆ. ಕರಗಿದ ಸತು ಒಳನುಗ್ಗಿ ಕೊಲ್ಲುತ್ತದೆ. ವಿಶಾಲ ಹೊಲದಲ್ಲಿ ಚದುರಿದ್ದರೆ ಮಾತು ಬೇರೆ. ಪಾಕೀಟಿನೊಳಗೆ ಓಡಲು ಜಾಗವೆಲ್ಲಿ?

“ಪ್ಲೇಟಿನ್ಯಾಗ ಕಾಣ್ಲಿಲ್ಲಂದ್ರ ಹೊಲದಾಗ ಕಾಣ್ತಾವ್ ಬಿಡ್ರಿ,” ಎಂದರು ಮ್ಯಾನೇಜರು. ಮೂಲ ತಳಿಯಿಂದ ಮತ್ತೆ ಮಾಡೋಣವೆಂದು ಅದರ ಟ್ಯೂಬುಗಳಿದ್ದ ಫ್ರಿಜ್ ತೆರೆಯಹೋದೆ.

“ಆ ಎಲ್ಲಾ ಟ್ಯೂಬಿಗೂ ನ್ಯಾನೋ ಹಾಕ್ಸೀನ್ರಿ. ರೂಢಿ ಆಗ್ಲಿ ಅಂತ.”

ಬ್ಯಾಕ್ಟೀರಿಯಾಗಳಿಗೆ ತರಬೇತಿ ಶಿಬಿರ ನಡೆಸಿದ್ದರು ಪುಣ್ಯಾತ್ಮರು. ಒಂದೊಂದೇ ಟ್ಯೂಬನ್ನು ಬದುಕಿಸಲು ನೋಡಿದೆ. ಯಾವುದೂ ಏಳಲಿಲ್ಲ.

ಮಳೆಗಾಲದಲ್ಲಿ ಶರಣಪ್ಪ ಕಿತ್ತ ತೊಗರಿ ಗಿಡ ಹಿಡಿದು ಬಂದರು. “ಅಕ್ಕೋರು ಹ್ವಾದ್ರು, ಪುಡೀನೂ ಹ್ವಾತೇನ್ರಿ ಸರ? ಬೇರು ನೋಡ್ರಿ, ಬೋಳ ಅದ.” ನಾನು ಬೇರಿನ ಮಣ್ಣು ಉಜ್ಜಿ ಗಂಟು ಹುಡುಕಿದೆ; ಒಂದೂ ಸಿಗಲಿಲ್ಲ.

ಮ್ಯಾನೇಜರು ಈಗ ಬೇರೆಡೆ ಇನ್ನೂ ದೊಡ್ಡ ಹುದ್ದೆಯಲ್ಲಿದ್ದಾರೆ; ಅಲ್ಲಿಯೂ ಏನನ್ನೋ ಬೆರೆಸುತ್ತಿರಬಹುದು. ಎರಡು ಒಳ್ಳೆಯವನ್ನು ಕಲಸಿದರೆ ಇನ್ನೂ ಒಳ್ಳೆಯದಾಗುತ್ತದೆಂದು ನಂಬುವವರ ಕೈಗೆ ಫ್ರಿಜ್ಜಿನ ಕೀಲಿ ಕೊಡಬಾರದು. ಕೆಲಸ ನನಗೆ ಕಲಿಸಿದ್ದು ಇಷ್ಟು.

ಪ್ರತಿ ಹಂಗಾಮಿನಲ್ಲಿ ಶರಣಪ್ಪನವರ ಹೊಲದ ಬೇರು ತಂದು ಅದರ ಬ್ಯಾಕ್ಟೀರಿಯಾ ಬೆಳೆಸುತ್ತೇನೆ. ರೈಜೋಬಿಯಂ ಸಿಗುತ್ತದೆ, ಗಂಟು ಕಟ್ಟುವುದು ಅಷ್ಟಕ್ಕಷ್ಟೆ. ಸರೋಜಾಳ ತಳಿ ಇನ್ನೂ ಸಿಕ್ಕಿಲ್ಲ.