ಹಬ್ಬದವರೆಗೆ ತಡೆದ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳು ಸೌಟಿನ ತುದಿಯ ಹಾಗೆ ಚಪ್ಪಟೆಯಾಗಿತ್ತು. ಪೀಣ್ಯದ ಕಾರ್ಖಾನೆಗಳ ಪ್ರೆಸ್ ಮೆಷಿನ್ನುಗಳಿಗೆ ಎಣ್ಣೆ ನುಗ್ಗಿಸುವ ರಬ್ಬರ್ ಪೈಪುಗಳನ್ನು ಮೂವತ್ತು ವರ್ಷ ಒತ್ತಿ ನೋಡಿದ ಬೆರಳು ಅದು. ಪೈಪು ಎಲ್ಲಿ ಉಬ್ಬಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು.

ನನಗೆ ಈ ಕಸುಬು ಕಲಿಸಿದವರು ಅವರೇ. ನಾನು ಸ್ವಂತ ಅಂಗಡಿ ಇಟ್ಟಾಗ ಬಂದು ಜೊತೆಗೆ ನಿಂತರು. ಚೌಕಾಸಿ ನನ್ನದು, ಕೆಲಸ ಅವರದು. ಬಾಯಲ್ಲಿ ಸದಾ ಬೀಡಿ.

ಒಮ್ಮೆ ಒಬ್ಬ ಗಿರಾಕಿ ಉಬ್ಬಿದ ಪೈಪು ತಂದು, "ಮೇಲೊಂದು ಪಟ್ಟಿ ಬಿಗಿದುಕೊಡಿ, ಸಾಕು" ಎಂದ. ನಾನು ಒಪ್ಪಿಯೂ ಬಿಟ್ಟಿದ್ದೆ. ಮೇಸ್ತ್ರಿ ಪೈಪನ್ನು ಎರಡು ತುಂಡು ಮಾಡಿ ಅವನ ಮುಂದಿಟ್ಟರು.

"ಏನ್ರೀ ಇದು!"

"ಒಳಗಿನ ಪದರ ತಿಂದೋಗೈತೆ ಸಾರ್, ಪ್ರೆಶರ್‌ಗೆ ಸಿಡೀತದೆ. ಇವತ್ತು ನೀವು ಬೈತೀರ. ನಾಳೆ ಬೈಯೋಕೆ ಇರ್ತೀರಲ್ಲ, ಅಷ್ಟು ಸಾಕು."

ಕಳೆದ ವರ್ಷ ಮೇಸ್ತ್ರಿಗೆ ಮೂತ್ರದ ತೊಂದರೆಗೆಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಬೇರೆಯದೇ ಕಂಡಿತು. ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಬಲೂನಿನ ಹಾಗೆ ಹಿಗ್ಗಿತ್ತು. ಡಾಕ್ಟರು ಬಿಡಿಸಿ ಹೇಳಿದರು: ನಾಳದ ಗೋಡೆಯಲ್ಲಿ ಉರಿಯೂತ ಆಗಿದೆ, ರಕ್ಷಣೆಗೆಂದು ಅಲ್ಲಿ ಸೇರುವ ಜೀವಕೋಶಗಳೇ ಗೋಡೆಯ ಬಿಗಿಯನ್ನು ಕರಗಿಸುತ್ತಿವೆ, ಬೀಡಿಯ ಹೊಗೆ ಅದನ್ನು ಕೆರಳಿಸುತ್ತದೆ.

"ಅಂದ್ರೆ ಕಾವಲಿಗೆ ಬಂದೋರೇ ಮನೆ ಗೋಡೆ ಕೆಡವ್ತಾವ್ರೆ ಅನ್ನಿ," ಎಂದರು ಮೇಸ್ತ್ರಿ. "ಆ ಉರಿ ಆರ್ಸೋಕೆ ಮಾತ್ರೆ ಇಲ್ವಾ ಡಾಕ್ಟ್ರೇ?"

"ಸದ್ಯಕ್ಕೆ ಅಂಥ ಮಾತ್ರೆ ಇಲ್ಲ. ಬೀಡಿ ಬಿಡಿ, ಬಿಪಿ ನೋಡ್ಕೊಳ್ಳಿ. ಆದ್ರೆ ನಿಮ್ಮದು ಕಾದು ನೋಡೋ ಗಾತ್ರ ದಾಟಿದೆ. ಎರಡು ವಾರದೊಳಗೆ ಆಪರೇಷನ್ ಆಗ್ಬೇಕು."

ಹೊರಗೆ ಬಂದ ಮೇಲೆ ಅವರು ಕೇಳಿದ್ದು ನನ್ನನ್ನು. "ಏನ್ ಮಾಡಾಣ ಮಗಾ?"

ಪೀಣ್ಯದಲ್ಲಿ ರಿಪೇರಿ ಏನಿದ್ದರೂ ಆಯುಧಪೂಜೆಗೆ. ಮೆಷಿನ್ನು ನಿಲ್ಲುವುದು ಆಗ ಮಾತ್ರ. ಹಬ್ಬಕ್ಕೆ ಇನ್ನೂ ಐದು ವಾರವಿತ್ತು. ಹಬ್ಬಕ್ಕೆ ಬದಲಿಸುವ ಪೈಪುಗಳನ್ನೆಲ್ಲ ಮೊದಲೇ ಮಾಡಿಕೊಡಬೇಕಾದ್ದರಿಂದ ಆ ಐದು ವಾರವೇ ನಮ್ಮ ಅಂಗಡಿಯ ಸುಗ್ಗಿ, ಮೇಸ್ತ್ರಿ ಇಲ್ಲದೆ ನಡೆಯದು. "ಹಬ್ಬದ ರಜೆಗೆ ಮಾಡಿಸ್ಕೊಳ್ಳಿ, ಆರಾಮಾಗಿ ಮಲಗಬಹುದು. ಅಷ್ಟರಲ್ಲಿ ಆಸ್ಪತ್ರೆಯವರ ಹತ್ರ ನಾನು ಮಾತಾಡಿ ಖರ್ಚು ಇಳಿಸ್ತೀನಿ" ಎಂದೆ. ಕಬ್ಬಿಣಕ್ಕೆ ಹೇಳುವ ಮಾತನ್ನು ಮನುಷ್ಯನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಅವತ್ತೇ ಬೀಡಿ ಬಿಟ್ಟರು.

ನಾಲ್ಕನೇ ವಾರ ಪೈಪು ಕತ್ತರಿಸುತ್ತಿದ್ದವರು ಕುಳಿತುಬಿಟ್ಟರು. "ಬೆನ್ನು ಹಿಡ್ಕೊಂಡೈತೆ ಕಣೋ. ಹಿಂದಕ್ಕೆ ಇರಿದಂಗಾಯ್ತದೆ." ಮುಖ ಬೆವೆತು ಬಿಳಿಚಿತ್ತು. ಕಾರಿನಲ್ಲಿ ಹಾಕಿಕೊಂಡು ಹೊರಟೆ. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ, "ಆ ಪೈಪಿನ ಆರ್ಡರ್ ಸಂಜೆಗೆ ಕೊಡ್ಬೇಕು" ಎಂದರು. ಆಮೇಲೆ ಮಾತಾಡಲಿಲ್ಲ. ನಾಳ ಒಡೆದಿತ್ತು, ಆಸ್ಪತ್ರೆಯವರಿಗೆ ಮಾಡಲು ಏನೂ ಉಳಿದಿರಲಿಲ್ಲ.

ಈಗ ಅಂಗಡಿಗೆ ಬರುವ, ಅರವತ್ತೈದು ದಾಟಿದ, ಬೀಡಿ ಸಿಗರೇಟು ಸೇದಿದವರಿಗೆಲ್ಲ ಹೇಳುತ್ತೇನೆ: ಹೊಟ್ಟೆಯದೊಂದು ಸ್ಕ್ಯಾನ್ ಮಾಡಿಸಿ, ನೋವಿಲ್ಲ ಎಂದು ಸುಮ್ಮನಿರಬೇಡಿ, ಡಾಕ್ಟರು ದಿನ ಕೊಟ್ಟರೆ ಆ ದಿನ ಹೋಗಿ. ಹೇಳಿ ಹೇಳಿ ಸುಸ್ತಾಗಿದೆ. ನಗುತ್ತಾರೆ.

ಮೇಸ್ತ್ರಿ ತೀರಿಕೊಂಡ ಹನ್ನೊಂದನೆಯ ದಿನ ಅವರ ಮನೆಗೆ ಹೋಗಿದ್ದೆ. ಮೇಸ್ತ್ರಿಯ ಹೆಂಡತಿಗೆ ಕಾಯಿಲೆಯ ವಿಷಯ ಅರ್ಧ ಮಾತ್ರ ಗೊತ್ತಿತ್ತು.

"ಆಪರೇಷನ್ ಯಾವಾಗ ಮಾಡ್ಸಿ ಅಂದಿದ್ರಪ್ಪ ಡಾಕ್ಟ್ರು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನನಗೆ ಅದು ಕಷ್ಟದ ಕೆಲಸವಲ್ಲ.

"ಎರಡು ವಾರದೊಳಗೆ ಅಂದಿದ್ರು ಅಕ್ಕ. ಹಬ್ಬದವರೆಗೆ ತಡೀರಿ ಅಂದೋನು ನಾನು."

ಅವರು ಎದ್ದು, ಎಲೆ ಹಾಕಿ, "ಕೂತ್ಕೋ, ಊಟ ಮಾಡು" ಎಂದರು. ಬೈದಿದ್ದರೆ ಏನಾದರೂ ಹೇಳಿ ಸ್ವಲ್ಪ ಭಾರ ಇಳಿಸಿಕೊಳ್ಳುತ್ತಿದ್ದೆ.