ಹೊಳಿ ದಾಟುವ ಪದದ ಫೈಲು

ಕಳೆದ ವರ್ಷ ಶ್ರಾವಣದ ಮೊದಲ ವಾರ ದೇವದುರ್ಗ ತಾಲ್ಲೂಕಿನ ಡೊಳ್ಳಿನ ಪದದ ಹಾಡುಗಾರರೊಬ್ಬರು ರಾಯಚೂರಿನ ನಮ್ಮ ಪತ್ರಿಕಾ ಕಚೇರಿಗೆ ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿದ್ದ ಒಂದೇ ಫೈಲು ನಮ್ಮ ಯಾವ ಕಂಪ್ಯೂಟರಿನಲ್ಲೂ ಸರಿಯಾಗಿ ತೆರೆಯಲಿಲ್ಲ.

ಅವರಿಗೆ ಎಪ್ಪತ್ತರ ಆಸುಪಾಸು, ಕುರಿ ಕಾಯುವ ಮನೆತನ. ಅಮವಾಸ್ಯೆಗೊಮ್ಮೆ ಊರ ಗುಡಿಯಲ್ಲಿ ಮೇಳ ಕೂಡುತ್ತದೆ. ಪದ ಎತ್ತಿಕೊಡುವವರು ಅವರು, ಉಳಿದವರದು ಹಿಮ್ಮೇಳ. ಬೇಸಿಗೆಯಲ್ಲಿ ಜ್ವರ ಬಂದು ಮಲಗಿ ಎದ್ದ ಮೇಲೆ ಒಂದು ಭಾಗ ನೆನಪಿನಿಂದ ಹೋಗಿತ್ತು: ಕುರಿಗಾರನೊಬ್ಬ ಬೆನ್ನಿಗೆ ಕೂಸು ಕಟ್ಟಿಕೊಂಡು, ಹಿಂಡಿನೊಂದಿಗೆ ತುಂಬಿದ ಹೊಳೆ ದಾಟುವ ಭಾಗ. ಎರಡು ಅಮವಾಸ್ಯೆ ಅದನ್ನು ಬಿಟ್ಟೇ ಹಾಡಿದ್ದರು. ಈ ಸಲವೂ ಬಿಟ್ಟರೆ ಪದ ಎತ್ತುವುದನ್ನು ಬೇರೆಯವರಿಗೆ ಕೊಡುವುದಾಗಿ ಮೇಳದವರು ಹೇಳಿದ್ದರು.

ವರ್ಷಗಳ ಹಿಂದೆ ಊರ ಶಾಲೆಯ ಮಾಸ್ತರು ಇಡೀ ಪದವನ್ನು ಕೇಳಿ ಬರೆದುಕೊಂಡಿದ್ದರು. ಮಾಸ್ತರು ಈಗಿಲ್ಲ. ಅವರ ಮನೆಯವರು ಹುಡುಕಿ ಕೊಟ್ಟದ್ದು ಈ ಪೆನ್‌ಡ್ರೈವ್.

"ನನಗ ಓದಾಕ ಬರಂಗಿಲ್ರಿ. ನೀವು ತಗದು ಓದ್ರಿ, ನಾ ಕೇಳ್ತೀನಿ" ಎಂದು ಕುರ್ಚಿಯ ಅಂಚಿನಲ್ಲಿ ಕುಳಿತರು.

ಫೈಲು ಹಳೆಯ ಪುಟವಿನ್ಯಾಸದ ತಂತ್ರಾಂಶದ್ದು. ನಮ್ಮಲ್ಲಿ ಅದನ್ನು ತೆಗೆದುಹಾಕಿ ಬಹಳ ಕಾಲವಾಗಿತ್ತು. ಬೇರೊಂದರಲ್ಲಿ ಒತ್ತಾಯದಿಂದ ತೆರೆದಾಗ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಗೀಟು, ನಡುನಡುವೆ ಪೌಂಡಿನ ಗುರುತು. ಹಳೆಯ ಕನ್ನಡ ಫಾಂಟುಗಳನ್ನು ಯೂನಿಕೋಡಿಗೆ ತಿರುಗಿಸುವ ಕನ್ವರ್ಟರಿಗೆ ಹಾಕಿದೆ. ಅಕ್ಷರಗಳು ಕನ್ನಡದವೇ ಬಂದವು, ಮಾತು ಬರಲಿಲ್ಲ. ಫೈಲಿನಲ್ಲಿದ್ದ ಫಾಂಟು ಆ ಕನ್ವರ್ಟರಿಗೆ ಗೊತ್ತಿರಲಿಲ್ಲ.

ಅಜ್ಜ ಪರದೆಗೆ ಮುಖ ತಂದು ನೋಡಿದರು. "ಇರುವಿ ಸತ್ತು ಬಿದ್ದಂಗ ಅದಾವಲ್ರಿ. ಇದ್ರಾಗ ನಮ್ಮ ಕುರಿ ಎಲ್ಲ್ಯಾವ?"

ಎಲ್ಲಿ ಟೈಪ್ ಮಾಡಿಸಿದ್ದು ಎಂದು ಕೇಳಿದೆ. ಮಾನ್ವಿಯಲ್ಲಿ ಲಗ್ನಪತ್ರ ಮಾಡುವ ಅಂಗಡಿಯಲ್ಲಿ, ಮಾಸ್ತರ ಜೊತೆ ತಾವೂ ಹೋಗಿದ್ದಾಗಿ ಹೇಳಿದರು. ಮರುದಿನ ಬಸ್ಸಿನಲ್ಲಿ ಇಬ್ಬರೂ ಮಾನ್ವಿಗೆ ಹೋದೆವು.

ಅಂಗಡಿ ಇತ್ತು. ನಡೆಸುವಾಕೆ ಪೋತ್ನಾಳದ ಮಗಳು, ಮಾನ್ವಿಯ ಸೊಸೆ.

"ಬರ್ರಿ ಯಜ್ಜಾ. ಲಗ್ನ ಯಾರ್ದು?"

"ನಂದ. ಹೆಣ್ಣು ಸಿಕ್ಕಿಲ್ಲ, ಮೊದ್ಲು ಕಾರ್ಡ್ ಮಾಡಿಡವಾ."

"ಹೆಣ್ಣಿನ ಹೆಸರಿನ ಜಾಗಾ ಖಾಲಿ ಬಿಡ್ತೀನಿ, ಕುಂದರ್ರಿ."

ನಾನು ವಿಷಯ ಹೇಳಿದೆ. ಆಕೆ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಕಂಪ್ಯೂಟರಿನ ಮುಸುಕು ತೆಗೆದರು. "ಹಳೀ ಡಿಸೈನ್ ಎಲ್ಲಾ ಇದ್ರಾಗ ಅದಾವ್ರಿ. ಹೊಸಾದಕ್ಕ ಹಾಕಿದ್ರ ದೇವ್ರ ಹೆಸರು ಸೈತ ಒಡದು ಬರ್ತಾವ, ಅದಕ್ಕ ಇಟಗೊಂಡೀನಿ." ಯಂತ್ರ ಶುರುವಾಗಲು ಚಹಾ ಕುಡಿಯುವಷ್ಟು ಹೊತ್ತು ಬೇಕಾಯಿತು. ಫೈಲು ತೆರೆಯಿತು. ಅಚ್ಚ ಕನ್ನಡ, ಒಂದು ಒತ್ತೂ ತಪ್ಪಿರಲಿಲ್ಲ.

ಹೊಳೆ ದಾಟುವ ಭಾಗ ಹುಡುಕಿ, ಬರೆದದ್ದನ್ನು ಬರೆದಂತೆ ಓದಿದೆ: "ಕುರಿಗೇಕೆ ಮನೆಯ ಚಿಂತೆ, ಕೂಸಿಗೇಕೆ ಹೊಳೆಯ ಚಿಂತೆ."

ಮುಂದಿನ ಸಾಲುಗಳನ್ನೂ ಓದಿದೆ. ಅಜ್ಜ ತಲೆ ಅಲ್ಲಾಡಿಸಿದರು. "ಇದು ಯಾರ ಪದಾರಿ? ನಮ್ದಲ್ಲ ಬಿಡ್ರಿ."

ಮಾಸ್ತರು ಅವರ ಹಾಡನ್ನು ಬರೆದುಕೊಳ್ಳುವಾಗ ಪ್ರತಿಯೊಂದು ಮಾತನ್ನೂ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿದ್ದರು. ಎಲ್ಲಿಯೂ ಒಂದು 'ಮನಿ' ಇರಲಿಲ್ಲ, ಒಂದು 'ಹೊಳಿ' ಇರಲಿಲ್ಲ. ಅಜ್ಜ ಎದ್ದು ಹೆಗಲ ಮೇಲೆ ಕಂಬಳಿ ಹಾಕಿಕೊಂಡರು. ಊರಿಗೆ ಕವಿತಾಳದ ಕಡೆಯ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು.

ಅಂಗಡಿಯಾಕೆ ಅಷ್ಟರಲ್ಲಿ ಪರದೆ ನೋಡಿಕೊಂಡು ತಮ್ಮಷ್ಟಕ್ಕೆ ಓದುತ್ತಿದ್ದರು. ಕಣ್ಣು ಕಂಡದ್ದು 'ಮನೆ', ಬಾಯಿಗೆ ಬಂದದ್ದು 'ಮನಿ'. "ಕುರಿಗ್ಯಾಕ ಮನಿ ಚಿಂತಿ, ಕೂಸಿಗ್ಯಾಕ ಹೊಳಿ ಚಿಂತಿ..."

ಅಜ್ಜ ಬಾಗಿಲಲ್ಲಿ ನಿಂತರು. "ಇನ್ನೊಮ್ಮಿ ಅನ್ನವಾ."

ಆಕೆ ಮತ್ತೆ ಓದಿದರು. ಅಜ್ಜ ನಿಂತಲ್ಲೇ ರಾಗ ಹಿಡಿದರು, ಟೇಬಲ್ಲಿನ ಅಂಚಿಗೆ ಬೆರಳು ಬಡಿಯತೊಡಗಿದರು. ಆಕೆ ಒಂದು ಸಾಲು ಓದಿದರೆ ಅವರು ಎರಡು ಹಾಡಿದರು. ಸ್ವಲ್ಪ ಹೊತ್ತಿಗೆ ಆಕೆ ಓದುವುದನ್ನು ನಿಲ್ಲಿಸಿದರು. ಅವರು ನಿಲ್ಲಿಸಲಿಲ್ಲ. ಹಿಂಡು ಆಚೆ ದಡ ಹತ್ತುವ ತನಕ ಹಾಡಿದರು. ಕಾರ್ಡು ನೋಡಲು ಬಂದ ಒಂದು ಸಂಸಾರ ಹೊರಗೇ ನಿಂತು ಕೇಳಿತು.

"ಪ್ರಿಂಟ್ ಕೊಡ್ಲೇನ್ರಿ ಯಜ್ಜಾ?"

"ಆ ಮಾಸ್ತರ ಮಾತು ನನಗ್ಯಾಕವಾ, ನಿನ್ನ ಬಾಯಾಗಿಂದು ಸಿಕ್ತಲ್ಲ."

ಆ ಅಮವಾಸ್ಯೆಗೆ ಅವರು ಹೊಳೆ ದಾಟುವ ಭಾಗ ಬಿಡದೆ ಹಾಡಿದರೆಂದು ಮೇಳದವರೊಬ್ಬರು ಫೋನಿನಲ್ಲಿ ತಿಳಿಸಿದರು. ಒಂದು ಕಡೆ ತಡೆದು ನಿಂತರಂತೆ. ಡೊಳ್ಳು ಒಂದು ಸುತ್ತು ಹೆಚ್ಚಿಗೆ ಬಾರಿಸಿದ ಮೇಲೆ ಸಾಲು ಸಿಕ್ಕಿತಂತೆ. ಮುಂದಿನ ಅಮವಾಸ್ಯೆಗೂ ಪದ ಎತ್ತಲು ಅವರನ್ನೇ ಕೇಳಿದ್ದರಂತೆ.