ವಡಗಾವಿಯ ಶನಿವಾರದ ಹಾಡುಕೂಟ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನ್ನ ಅರ್ಧ ಕೆಲಸ ಹುಡುಗರನ್ನು ಸುಮ್ಮನಿರಿಸುವುದು. ಭಾನುವಾರ ಮಾತ್ರ ಚರ್ಚಿನಲ್ಲಿ ಹಾರ್ಮೋನಿಯಂ ಪೇಟಿ ಬಾರಿಸಿ ಜನರಿಂದ ಹಾಡಿಸುತ್ತೇನೆ. ಎರಡನ್ನೂ ಹಲವು ವರ್ಷ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದ್ದೆ. ಒಂದು ಮಧ್ಯಾಹ್ನ ಕಪಾಟಿನ ಹಿಂದೆ ಒಬ್ಬ ಹುಡುಗ ನಮ್ಮ ಚರ್ಚಿನದೇ ಕೀರ್ತನೆಯನ್ನು ಮರಾಠಿಯಲ್ಲಿ ಗುನುಗುತ್ತಿದ್ದ. ಗದರಿಸಲು ಹೋದವಳು ಎರಡನೆಯ ಸಾಲಿಗೆ ಕನ್ನಡದಲ್ಲಿ ದನಿ ಸೇರಿಸಿಬಿಟ್ಟೆ. ಅವನು ಗಾಬರಿಯಾಗಿ ಪುಸ್ತಕ ಬೀಳಿಸಿದ.

ಖಾನಾಪುರದವನು, ಎಂ.ಕಾಂ. ಓದುತ್ತಿದ್ದ. "ಗಿಟಾರ್ ತಂದೀನ್ರಿ ಅಕ್ಕಾರ. ಆದ್ರ ಹಾಸ್ಟೆಲ್‌ನ್ಯಾಗ ಬಾರಿಸಿದ್ರ ಬಾಜೂ ಖೋಲಿಯವ್ರು ಜಗಳಕ್ಕ ಬರ್ತಾರ್ರಿ" ಎಂದ.

ಅಂದು ಸಂಜೆಯೇ ನಮ್ಮ ಪಾಸ್ಟರ್ ಅಯ್ನೋರ ಮನೆಗೆ ಹೋದೆ. ಕಾಲೇಜು ಹುಡುಗರಿಗಾಗಿ ಶನಿವಾರಕ್ಕೊಮ್ಮೆ ಹಾಡಿನ ಕೂಟ ಮಾಡೋಣ ಎಂದೆ.

"ಬೈಬಲ್ ಪ್ರಸಂಗ ಯಾರ ಮಾಡ್ತಾರವಾ?" ಎಂದರು ಅಯ್ನೋರು.

"ಹಾಡೂದ ಜಾಸ್ತಿ ಇರ್ತೈತ್ರಿ. ನಡುವ ಒಂದು ವಾಕ್ಯ ಓದೂದು, ಒಂದು ಪ್ರಾರ್ಥನಿ. ಆಮ್ಯಾಲ ಚಾ."

ಅವರು "ಚಾ ಇದ್ರ ಬರ್ತಾರ ಬಿಡು" ಎಂದು ಒಪ್ಪಿದರು. ಆದರೆ ಶನಿವಾರ ಚರ್ಚಿನ ಸಭಾಂಗಣದಲ್ಲಿ ಹೊಲಿಗೆ ತರಗತಿ ನಡೆಯುತ್ತಿತ್ತು. ಕೊನೆಗೆ ನಮ್ಮ ಸಭೆಯ ನೇಕಾರರೊಬ್ಬರು ಬೆಳಗಾವಿಯ ವಡಗಾವಿಯಲ್ಲಿದ್ದ ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟರು. ಗೋಡೆಯ ಆಚೆಗೇ ಅವರ ನಾಲ್ಕು ಪಾವರ್‌ಲೂಮುಗಳು ಓಡುತ್ತಿದ್ದವು.

ಮೊದಲ ಶನಿವಾರ ಬಂದವರು ಇಬ್ಬರೇ. ಒಬ್ಬ ಗಿಟಾರಿನ ಹುಡುಗ. ಇನ್ನೊಬ್ಬಳು ಬೀಡಿ ಊರಿನ ಹುಡುಗಿ, ಗಣಿತದ ವಿದ್ಯಾರ್ಥಿನಿ. ಹೊಸ್ತಿಲಲ್ಲೇ ನಿಂತು, "ಅಕ್ಕಾರ, ನಾವು ಲಿಂಗಾಯತರು. ನಾ ಬರೇ ಹಾಡಾಕ ಬಂದೀನಿ. ನಡೀತೈತೇನ್ರಿ?" ಎಂದು ಕೇಳಿದಳು.

"ನಾ ಹಾಡಾಕನ ಕರದೀನಿ. ಬಾ, ಕುಂದರು" ಎಂದೆ.

ಅವಳಿಗೆ ನಮ್ಮ ಒಂದು ಹಾಡೂ ಬರುತ್ತಿರಲಿಲ್ಲ. ಆದರೆ ಚಪ್ಪಾಳೆಯ ಲೆಕ್ಕ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಮೂವರೇ ಸೇರಿ ಕಂಠ ಕಟ್ಟುವವರೆಗೆ ಹಾಡಿದೆವು. ಮನೆಗೆ ಹೋಗುವಾಗ ನನ್ನ ಸ್ಕೂಟರು ನೆಲ ಮುಟ್ಟದೆ ಓಡಿದಂತೆ ಅನಿಸಿತು. ಮರುವಾರ ಆ ಹುಡುಗಿ ತನ್ನ ಖೋಲಿಯ ಗೆಳತಿಯರನ್ನು ಕರೆತಂದಳು, ಅವರು ಮತ್ತಾರನ್ನೋ ಕರೆತಂದರು. ಕೋಣೆ ಸಾಲದಾಯಿತು. ಕಿಟಕಿಯ ಕಟ್ಟೆಯ ಮೇಲೂ ಕೂತು ಹಾಡಿದರು.

ಎರಡು ತಿಂಗಳಾದ ಮೇಲೆ ಖಾನಾಪುರದ ಚರ್ಚಿನಿಂದ ಕರೆ ಬಂತು. ಭಾನುವಾರದ ಸಂಜೆಯ ಆರಾಧನೆಗೆ ಬಂದು ಹಾಡಬೇಕಂತೆ. ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂಟದವರೆಲ್ಲರ ಜೊತೆ ಬಸ್ಸಿನಲ್ಲಿ ಹೋದೆ. ಹುಡುಗಿಯರು ಇಸ್ತ್ರಿ ಸೀರೆಯ ಗರಿ ಕೆಡದಂತೆ ಕೂತು, ಕಾರಣವಿಲ್ಲದೆ ನಗುತ್ತಿದ್ದರು.

ಚರ್ಚು ತುಂಬಿತ್ತು. ಗಿಟಾರಿನ ಹುಡುಗನ ಅಜ್ಜಿ ಮುಂದಿನ ಬೆಂಚಿನಲ್ಲಿ ಹಾಡಿನ ಪುಸ್ತಕ ತೆರೆದು ಕೂತಿದ್ದರು. ನಾನು ಪೇಟಿಯ ಮೇಲೆ ಬೆರಳಿಟ್ಟೆ. ಹಾಡು ಶುರುವಾದ ಕೂಡಲೇ ಓಡತೊಡಗಿತು. ನಾವು ಮೂರನೆಯ ಚರಣಕ್ಕೆ ಬಂದಾಗ ಸಭೆಯ ಹಿರಿಯರು ಇನ್ನೂ ಎರಡನೆಯದರಲ್ಲಿದ್ದರು. ಅಜ್ಜಿ ಪುಸ್ತಕ ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಉಸಿರು ತೆಗೆದುಕೊಂಡರು.

ಬೀಡಿಯ ಹುಡುಗಿ ನನ್ನ ಕಿವಿಯ ಹತ್ತಿರ ಬಾಗಿದಳು. "ಅಕ್ಕಾರ, ಇಲ್ಲೆ ಮಗ್ಗ ಇಲ್ರಿ."

ಆಗ ತಿಳಿಯಿತು. ಎರಡು ತಿಂಗಳು ಗೋಡೆಯಾಚೆಯ ಲೂಮಿನ ಖಟಕ್ ಖಟಕ್‌ಗೆ ಹಾಡಿ ಹಾಡಿ, ಅದರ ವೇಗವೇ ನಮ್ಮ ತಾಳವಾಗಿಬಿಟ್ಟಿತ್ತು. ದೇವರ ಸನ್ನಿಧಿಯಲ್ಲಿ ನಾವು ಸೀರೆ ನೇಯುತ್ತಿದ್ದೆವು. ನನಗೆ ನಗು ತಡೆಯಲಾಗಲಿಲ್ಲ. ತಿದಿ ಒತ್ತುವ ಕೈ ನಿಂತಿತು, ಪೇಟಿ ನರಳಿ ಸುಮ್ಮನಾಯಿತು. ಹುಡುಗಿಯರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು, ಆದರೂ ನಗು ನಿಲ್ಲಲಿಲ್ಲ. ನಾನು ಹೇಗೋ ಕಾರಣ ಹೇಳಿದೆ. ಈಗ ಸಭೆಯೇ ನಗತೊಡಗಿತು.

ಅಜ್ಜಿ ಎದ್ದು ನಿಂತರು. "ದೇವರಿಗೇನ ಗಡಬಡಿ ಇಲ್ಲ ಪೋರಿ. ಪರತ ಮೊದ್ಲಿಂದ ಹಾಡ್ರಿ."

ನಿಧಾನಕ್ಕೆ ಹಾಡಿದೆವು. ಈ ಸಲ ಎಲ್ಲರೂ ಒಟ್ಟಿಗೆ ಮುಗಿಸಿದರು. ಮರಾಠಿಯವರು ಮರಾಠಿಯಲ್ಲಿ, ಉಳಿದವರು ಕನ್ನಡದಲ್ಲಿ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಜ್ಜಿ, "ಈಗ ಆ ಜೋರಿಂದೂ ಒಮ್ಮೆ ಆಗ್ಲಿ. ಖರೇ ಹೇಳ್ತೀನಿ, ಅದೂ ಚಲೋ ಇತ್ತು" ಎಂದರು.

ಜೋರಿನದನ್ನೂ ಹಾಡಿದೆವು. ಅದು ಮುಗಿಯುವಷ್ಟರಲ್ಲಿ ಅಲ್ಲಿ ಯಾರೂ ಕೂತಿರಲಿಲ್ಲ, ಎಲ್ಲರೂ ಎದ್ದು ನಿಂತಿದ್ದರು.

ನಾವು ಬೆಳಗಾವಿ ಮುಟ್ಟುವ ಮೊದಲೇ ಸುದ್ದಿ ಅಯ್ನೋರಿಗೆ ಮುಟ್ಟಿತ್ತು. ಮರುದಿನ ಅಳುಕುತ್ತಲೇ ಅವರ ಮನೆಗೆ ಹೋದೆ.

"ಆರಾಧನಾದಾಗ ಎಲ್ಲಾರೂ ನಕ್ಕರಂತ?"

"ಹೌದ್ರಿ."

"ಪ್ರಾರ್ಥನಿ ಆತೋ ಇಲ್ಲೋ?"

"ಆತ್ರಿ. ಖಾನಾಪುರದ ಕಾಲೇಜ್ ಹುಡುಗರು ನಮಗೂ ಹಿಂಗ ಒಂದು ಕೂಟ ಬೇಕು ಅಂತ ಗಂಟ ಬಿದ್ದಾರ್ರಿ."

ಅಯ್ನೋರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಹಂಗಾದ್ರ ಅಲ್ಲಿಗೆ ಮೊದಲನೇ ವಾರ ನಾನೂ ಬರ್ತೀನಿ. ನಂಗ ಸ್ವರ ಹತ್ತೂದಿಲ್ಲ, ಮೊದ್ಲ ಹೇಳ್ತೀನಿ."